ಹಳದಿ ಸ್ವೆಟರಿನ ಹಿಂದೆ ಹೋದ ಮರಿ

ಇಂದು 18ನೇ ತಾರೀಕು, ಶನಿವಾರ, ಸಂಜೆ 5 ಗಂಟೆ 40 ನಿಮಿಷ. ಬೆಳಗ್ಗೆಯಿಂದ, ಕಾಣೆಯಾದ ನನ್ನ ನಾಯಿಮರಿಯನ್ನು ಹುಡುಕಿದೆ. ಮಧ್ಯಾಹ್ನ ಊಟ ಮಾಡಲಿಲ್ಲ. 4 ಗಂಟೆ 20 ನಿಮಿಷಕ್ಕೆ ಪೊಲೀಸ್ ಠಾಣೆಯಿಂದ ಫೋನ್ ಬಂತು, 4 ಗಂಟೆ 50 ನಿಮಿಷಕ್ಕೆ ಇಲ್ಲಿಗೆ ಬಂದೆ. ನನ್ನ ಹೆಸರು, ಮನೆ ನಂಬರು ನಿನ್ನೆಯ ದೂರಿನಲ್ಲಿ ಬರೆಸಿದಂತೆಯೇ. ವಯಸ್ಸು 52. ಉದ್ಯೋಗ, ಮನೆಮನೆಗೆ ಹೋಗಿ ನೀರಿನ ಮೀಟರ್ ಓದುವುದು, 26 ವರ್ಷದಿಂದ. ನಿನ್ನೆಯ ದೂರಿನಲ್ಲಿ ನನ್ನನ್ನು ವಿವಾಹಿತ ಎಂದು ಬರೆಸಿದ್ದೆ. ಅದನ್ನು ತಿದ್ದಿಕೊಳ್ಳಬೇಕು.

ಈ ಮೂಲಕ ತಿಳಿಸುವುದೇನೆಂದರೆ, ನಾನು ಕೊಟ್ಟ ಕಳವಿನ ದೂರು ತಪ್ಪು. ಕೋಲಿ ಎಂಬ ಉದ್ದ ಕೂದಲಿನ ವಿದೇಶಿ ತಳಿಯ ನನ್ನ ನಾಯಿಮರಿಯನ್ನು ಯಾರೂ ಕದ್ದಿಲ್ಲ. ಪಾರ್ಕಿಂಗ್ ಜಾಗದಲ್ಲಿ ರಾತ್ರಿ ಪಾಳಿ ಮಾಡುವ ಹೆಂಗಸನ್ನು ಇಂದು ಮಧ್ಯಾಹ್ನ 3 ಗಂಟೆಯಿಂದ ಠಾಣೆಯ ಬೆಂಚಿನ ಮೇಲೆ ಕೂರಿಸಲಾಗಿದೆ. ಅವರ ಮೇಲೆ ಕೇಸು ಆಗಬಾರದು ಎಂಬುದಕ್ಕಾಗಿ ಈ ಹೇಳಿಕೆ. ಬಾಯಿಮಾತಿಗೆ ದೂರು ವಾಪಸಾಗುವುದಿಲ್ಲ, ತಪ್ಪು ಹೇಗಾಯಿತೆಂದು ಮೊದಲಿನಿಂದ ಬರೆಸಿ ಎಂದು ಇನ್ಸ್‌ಪೆಕ್ಟರ್ ಸಾಹೇಬರು ಹೇಳಿದ್ದಾರೆ. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ತಾರೀಕು, ಸಮಯಗಳನ್ನು ಅದನ್ನು ನೋಡಿಯೇ ಹೇಳುತ್ತಿದ್ದೇನೆ.

ನಾಯಿ ಬೇಕೆಂದವಳು ನನ್ನ ಹೆಂಡತಿ. ನನಗೆ ನಾಯಿ ಕಂಡರೆ ಭಯ. ಕೆಲಸದಲ್ಲಿ ಮೂರು ಸಲ ಕಚ್ಚಿಸಿಕೊಂಡಿದ್ದೇನೆ, ಎರಡು ಸಲ ಎಡ ಮೀನಖಂಡ, ಒಂದು ಸಲ ಬಲಗೈ. ಅವಳು ಪರದೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಒಮ್ಮೆ ಗಿರಾಕಿಯೊಬ್ಬರ ಕೋಲಿ ನಾಯಿ ಅವಳ ಮೇಜಿನ ಕೆಳಗೆ, ಅವಳ ಪಾದದ ಮೇಲೆ ಮೂತಿ ಇಟ್ಟು, ಗಿರಾಕಿ ಬಟ್ಟೆ ಆರಿಸಿ ಮುಗಿಸುವ ತನಕ ಮಲಗಿತ್ತಂತೆ. ಒಂದು ಗಂಟೆ ಹತ್ತು ನಿಮಿಷ ಕಾಲು ಅಲ್ಲಾಡಿಸಲಿಲ್ಲ ರೀ ಎಂದು ಮನೆಗೆ ಬಂದು ಹೇಳಿದಳು. ಕಾಲು ಜೋಮು ಹಿಡಿದು ಅವತ್ತು ಬಸ್ಸು ಹತ್ತಲಾಗದೆ ಆಟೋದಲ್ಲಿ ಬಂದಿದ್ದಳು. ನಮಗೆ ಮಕ್ಕಳಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ಇಬ್ಬರೂ 47 ಕಿಲೋಮೀಟರ್ ದೂರದಲ್ಲಿ ಕೋಲಿಗಳನ್ನು ಸಾಕಿ ಮರಿ ಕೊಡುವ ಮೇಡಂ ಮನೆಗೆ ಹೋದೆವು. ಅಂಗಡಿಯಲ್ಲಿ ಪಂಜರದಲ್ಲಿಟ್ಟು ಮಾರುವ ಮರಿ ಬೇಡ, ತಾಯಿಯನ್ನು ಕಣ್ಣಾರೆ ನೋಡಿ ತರಬೇಕು ಎಂಬುದು ಹೆಂಡತಿಯ ಹಟ. ಮೇಡಂ ಪಶು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಮೊದಲ ದಿನ ಮರಿಯ ಮಾತೇ ಎತ್ತಲಿಲ್ಲ. ಟೀ ಕೊಟ್ಟು ಮೂವತ್ತೊಂದು ಪ್ರಶ್ನೆ ಕೇಳಿದರು. ಮನೆಯಲ್ಲಿ ಮೆಟ್ಟಿಲೆಷ್ಟು, ಹಗಲು ಯಾರಿರುತ್ತಾರೆ, ನಾಯಿಗೆ ಹದಿಮೂರು ವರ್ಷವಾದಾಗ ನಿಮ್ಮ ವಯಸ್ಸೆಷ್ಟು. ನನ್ನ ಕೆಲಸ, ಕಚ್ಚಿದ ಗುರುತು ಎಲ್ಲ ತಿಳಿದ ಮೇಲೆ, ಮೂರು ಸಲ ಪುಕ್ಕಟೆ ಕಚ್ಚಿಸ್ಕೊಂಡು ನಾಲ್ಕನೇ ಸಲ ಕಾಸು ಕೊಟ್ಟು ಕಚ್ಚಿಸ್ಕೊಳ್ಳೋಕೆ ಬಂದಿದೀರಲ್ಲಾ ಎಂದರು. ಹೆಂಡತಿ ಟೀ ಚೆಲ್ಲುವಷ್ಟು ನಕ್ಕಳು. ಅವರ ತಾಯಿನಾಯಿಯಿಂದ ಎರಡು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕಿಸುತ್ತಾರೆ. ಈ ಜಾತಿಗೆ ಕಣ್ಣಿನ ದೋಷ ಬರುವುದುಂಟೆಂದು ತಂದೆತಾಯಿ ಎರಡರದ್ದೂ ಕಣ್ಣಿನ ಪರೀಕ್ಷೆಯ ಕಾಗದ ತೋರಿಸಿದರು. ಕಾಯಬೇಕು ಎಂದರು. ಕಾಯುತ್ತೇವೆ ಎಂದೆವು.

ಆರು ತಿಂಗಳ ನಂತರ ಹೆಂಡತಿಗೆ ರಕ್ತದ ಕಾಯಿಲೆ ಇದೆಯೆಂದು ಗೊತ್ತಾಯಿತು.

ಅದಾದ ಮೂರು ವಾರಕ್ಕೆ ಮೇಡಂ ನಮ್ಮ ಮನೆ ನೋಡಲು ಬಂದರು. ಬಾಗಿಲು, ಚಿಲಕ, ಬಾಲ್ಕನಿ ಸರಳುಗಳ ನಡುವಿನ ಅಂತರ ನೋಡಿದರು. ಮನೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆ ಇದೆಯಾ ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ, ಏನೂ ಇಲ್ಲ ಮೇಡಂ, ಇವರಿಗೊಂದು ಗೊರಕೆ ಕಾಯಿಲೆ ಬಿಟ್ಟರೆ ಎಂದಳು. ಅವರು ಹೋದ ಮೇಲೆ ನಾನು ಅವಳ ಮುಖ ನೋಡಿದೆ. ನಿಜ ಹೇಳಿದ್ರೆ ಮರಿ ಕೊಡಲ್ಲ ರೀ, ಇದೊಂದು ಸುಳ್ಳು ನನ್ನ ಲೆಕ್ಕಕ್ಕೆ ಇರ್ಲಿ ಎಂದಳು. ನಾನು ಒಪ್ಪಿದೆ. ಆದ್ದರಿಂದ ಅದು ಇಬ್ಬರ ಸುಳ್ಳು.

ಮರಿಗಳು ಎರಡು ತಿಂಗಳ ಹಿಂದೆ 17ನೇ ತಾರೀಕು, ಭಾನುವಾರ ಹುಟ್ಟಿದವು. ಒಟ್ಟು ಏಳು. ಕಳೆದ ತಿಂಗಳ 8ರಂದು ಬಾಡಿಗೆ ಕಾರಿನಲ್ಲಿ ಇಬ್ಬರೂ ನೋಡಲು ಹೋದೆವು. ಗುರುತಿಗೆ ಒಂದೊಂದು ಮರಿಗೂ ಕುತ್ತಿಗೆಗೆ ಒಂದೊಂದು ಬಣ್ಣದ ದಾರ. ಹೆಂಡತಿ ನೆಲದ ಮೇಲೆ ಕೂತ ಕೂಡಲೇ ಹಸಿರು ದಾರದ ಮರಿ ಅವಳ ಸ್ವೆಟರಿನ ತೋಳಿನೊಳಗೆ ಮೂತಿ ತೂರಿಸಿ ನಿದ್ದೆ ಹೋಯಿತು. ಉದ್ದ ಮೂಗು, ಬಿಳಿ ಕಾಲರು, ಗಂಭೀರ ಮುಖ. ಥೇಟ್ ನಮ್ಮ ಗಣಿತದ ಮೇಷ್ಟ್ರು ಎಂದಳು. ಅಂದಿನಿಂದ ಮರಿಯ ಹೆಸರು ಮೇಷ್ಟ್ರು. ನಿನ್ನೆ ದೂರು ಬರೆಸುವಾಗ, ಮೇಷ್ಟ್ರು ಕಾಣೆಯಾಗಿದ್ದಾರೆ ಅಂತ ಬರೀಲಾ, ಕಾಣೆಯಾಗಿದೆ ಅಂತ ಬರೀಲಾ ಎಂದು ಠಾಣೆಯ ರೈಟರ್ ಕೇಳಿದ್ದು ಇದೇ ಹೆಸರಿಗೆ. ಆ ದಿನ ಹೆಂಡತಿ ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿದ್ದಳು. ಅದ್ಯಾಕೆ ಎಂದು ಮೇಡಂ ಕೇಳಿದಾಗ, ಕೂದಲಿಗೆ ಬಣ್ಣ ಹಾಕೋಕೆ ಹೋಗಿ ಎಡವಟ್ಟಾಯ್ತು, ಹೊರಗೆ ತೋರಿಸೋ ಹಾಗಿಲ್ಲ ಎಂದಳು. ಒಂದು ಗಂಟೆ ಇಪ್ಪತ್ತು ನಿಮಿಷ ಕೂತಿದ್ದಳು. ಏಳುವಾಗ ಅವಳನ್ನು ಎತ್ತಿದವನು ನಾನು. ಹಗುರವಾಗಿದ್ದಳು.

ಮೇಡಂ ಅವರದ್ದು ಒಂದು ಪದ್ಧತಿ ಇದೆ. ಮರಿ ಯಾವ ಮನೆಗೆ ಹೋಗುತ್ತದೋ ಆ ಮನೆಯವರೆಲ್ಲ ಒಂದೊಂದು ಬಟ್ಟೆಯನ್ನು ಮೂರು ರಾತ್ರಿ ಮೈಮೇಲೆ ಹಾಕಿ ಮಲಗಬೇಕು. ತೊಳೆಯದೆ, ಬೇರೆಬೇರೆ ಚೀಲದಲ್ಲಿ ಕಟ್ಟಿ ಕೊಡಬೇಕು. ಮೇಡಂ ಅದನ್ನು ಮರಿ ಮಲಗುವ ಪೆಟ್ಟಿಗೆಯಲ್ಲಿ ಹಾಸುತ್ತಾರೆ. ಮರಿ ಮನೆಗೆ ಬರುವ ಹೊತ್ತಿಗೆ ಅಲ್ಲಿನವರು ಅದಕ್ಕೆ ಹೊಸಬರಾಗಿರುವುದಿಲ್ಲ.

ಅಷ್ಟರಲ್ಲಿ ಆಸ್ಪತ್ರೆ ಸೇರಿದ್ದ ಹೆಂಡತಿ ಆ ಮೂರು ರಾತ್ರಿ ಅಲ್ಲಿನ ಮಂಚದ ಮೇಲೆ ತನ್ನ ಮನೆಯ ರಾತ್ರಿ ಅಂಗಿಯಲ್ಲೇ ಮಲಗಿದಳು. ನಾನು ಪಕ್ಕದ ಕುರ್ಚಿಯಲ್ಲಿ. ಕಳೆದ ತಿಂಗಳ 21ನೇ ತಾರೀಕು ಶನಿವಾರ ಅವಳು, ರೀ, ನಿಮ್ಮ ಅಂಗೀನೂ ಕೊಡಿ, ಮರೀಬೇಡಿ, ಆಮೇಲೆ ಮೇಷ್ಟ್ರು ನಿಮ್ಮನ್ನ ಮೀಟರ್‌ನೋರು ಅಂತ ಬೊಗಳ್ತಾರೆ ಎಂದಳು. ನನ್ನ ಅಂಗಿ ಮೂಸಿ ನೋಡಿದೆ. ಆಸ್ಪತ್ರೆ ನೆಲ ಒರೆಸುವ ಔಷಧಿಯ ವಾಸನೆ ಹೊಡೆಯುತ್ತಿತ್ತು. ಮೇಡಂ ಮೂವತ್ತು ವರ್ಷ ಆಸ್ಪತ್ರೆಯಲ್ಲಿದ್ದವರು. ಚೀಲ ಬಿಚ್ಚಿದ ತಕ್ಷಣ ಅವರಿಗೆ ತಿಳಿಯುತ್ತದೆ ಎಂದು ಹೆದರಿದೆ. 22ನೇ ತಾರೀಕು ಬೆಳಗ್ಗೆ ಮನೆಗೆ ಹೋಗಿ, ಹೆಂಡತಿಯ ದಿಂಬಿನ ಕೆಳಗಿದ್ದ ಅವಳದೇ ಹಳೆಯ ಶಾಲನ್ನು ಎರಡನೇ ಚೀಲಕ್ಕೆ ಹಾಕಿ ಮೇಲೆ ‘ಯಜಮಾನರು’ ಎಂದು ಬರೆದೆ. ರಾತ್ರಿ ಅಂಗಿಗೂ ಔಷಧಿ ವಾಸನೆ ಇರಬಹುದೆಂದು ಅದನ್ನೂ ತೆಗೆದಿಟ್ಟು ಅವಳ ಅಡುಗೆಮನೆಯ ಹತ್ತಿ ಮೇಲಂಗಿಯನ್ನು ಮೊದಲ ಚೀಲಕ್ಕೆ ಹಾಕಿದೆ. ಎರಡು ಚೀಲ, ಒಬ್ಬಳದೇ ಬಟ್ಟೆ. ಬಸ್ಸಿನಲ್ಲಿ ಹೋಗಿ ಕೊಟ್ಟು ಬಂದೆ. ಸಂಜೆ ಆಸ್ಪತ್ರೆಯಲ್ಲಿ, ನಿಮ್ಮದು ಕೊಟ್ರಾ ಎಂದು ಕೇಳಿದಳು. ಕೊಟ್ಟೆ ಎಂದೆ. ಇದು ಇಬ್ಬರ ಸುಳ್ಳಲ್ಲ. ನನ್ನೊಬ್ಬನದು.

29ನೇ ತಾರೀಕು, ಭಾನುವಾರ ಬೆಳಗ್ಗೆ 11 ಗಂಟೆ 5 ನಿಮಿಷಕ್ಕೆ ಅವಳು ತೀರಿಕೊಂಡಳು. ಅಂದು ಮರಿಗೆ ಆರು ವಾರ ತುಂಬಿತ್ತು.

ಮೇಡಂಗೆ ಹೇಳಲಿಲ್ಲ. ಹೇಳಬೇಕೆಂದು ನಾಲ್ಕು ಸಲ ಫೋನ್ ಕೈಗೆತ್ತಿಕೊಂಡೆ. ಮರಿಯನ್ನೂ ಕೊಡದೆ ಹೋದರೆ ಮನೆಯಲ್ಲಿ ಏನುಳಿಯುತ್ತದೆ ಎಂದು ಪ್ರತಿ ಸಲ ಕೆಳಗಿಟ್ಟೆ.

ಈ ತಿಂಗಳ 12ರಂದು, ಮರಿಗೆ ಎಂಟು ವಾರ ತುಂಬಿದ ದಿನ, ಒಬ್ಬನೇ ಹೋದೆ. ತಲುಪಿದ್ದು 10 ಗಂಟೆ 40 ನಿಮಿಷ. ಅವರೆಲ್ಲಿ ಎಂದರು ಮೇಡಂ. ಅಂಗಡಿಯಲ್ಲಿ ಅರ್ಜೆಂಟ್ ಪರದೆ ಕೆಲಸ ಎಂದೆ. ಕರಾರು ಪತ್ರ ಓದಿ ಹೇಳಿದರು. ಮರಿಯನ್ನು ಮಾರಬಾರದು, ಯಾರಿಗೂ ದಾಟಿಸಬಾರದು, ಎಷ್ಟೇ ವರ್ಷವಾಗಿದ್ದರೂ ಸಾಕಲಾಗದಿದ್ದರೆ ಮೇಡಂಗೇ ವಾಪಸು ಕೊಡಬೇಕು, ಮೊದಲ ಹತ್ತು ದಿನ ರಜೆ ಹಾಕಿ ಮನೆಯಲ್ಲಿರಬೇಕು. ಈ ಜಾತಿಗೆ ಕೆಲವು ಹುಳುವಿನ ಔಷಧಿ ವಿಷವಾಗುತ್ತದೆ, ಕೇಳದೆ ಏನೂ ಕೊಡಬೇಡಿ ಎಂದು ಬೇರೆ ಕಾಗದದಲ್ಲಿ ಬರೆದುಕೊಟ್ಟರು. ನಾನು ಸಹಿ ಮಾಡಿದೆ. ಕೆಳಗೆ ಹೆಂಡತಿಯ ಸಹಿಗೆ ಒಂದು ಗೆರೆ ಇತ್ತು. ಮುಂದಿನ ವಾರ ಹಾಕಿಸಿ ಕಳಿಸಿ, ಅವಸರವೇನಿಲ್ಲ ಎಂದರು. ಎರಡು ಬಟ್ಟೆಗಳನ್ನೂ ಮರಿಯ ಜೊತೆಗೆ ಕೊಟ್ಟರು.

ನಾನಿಲ್ಲದ ಆ ಹೊತ್ತಿನಲ್ಲಿ, ನನ್ನ ಜೊತೆಗಿರಲೆಂದು ಬಂದಿದ್ದ ಅಕ್ಕ ಹೆಂಡತಿಯ ಬೀರು ಖಾಲಿ ಮಾಡಿದ್ದಳು. ಕಣ್ಣೆದುರಿಗಿದ್ರೆ ದಿನಾ ಅಳ್ತೀಯ ಕಣೋ, ಬೇಕಾದವ್ರಿಗೆ ಕೊಟ್ಟೆ ಎಂದಳು. ಯಾರಿಗೆ ಎಂದು ನಾನು ಕೇಳಲಿಲ್ಲ. ಅವಳಿಗೆ 60 ವರ್ಷ, ಮೊಣಕಾಲು ನೋವು. ಅಷ್ಟು ಬಟ್ಟೆಯನ್ನು ಮೂರು ಮಹಡಿ ಇಳಿಸಿದ್ದಳು.

2 ಗಂಟೆ 15 ನಿಮಿಷಕ್ಕೆ ಮರಿಯನ್ನು ನೆಲಕ್ಕೆ ಬಿಟ್ಟೆ. ಅದು ನಡುಮನೆಯಲ್ಲಿ ನಿಲ್ಲಲಿಲ್ಲ. ಮೂಸುತ್ತ ನೇರ ಮಲಗುವ ಕೋಣೆಗೆ ಹೋಗಿ ಮಂಚದ ಎಡಬದಿ ಮೂಸಿತು, ಅಡುಗೆಮನೆಗೆ ಹೋಗಿ ಕಟ್ಟೆಯ ಕೆಳಗೆ ಮೂಸಿತು, ಖಾಲಿ ಬೀರುವಿನ ಮುಂದೆ ಬಂದು ಕೂತಿತು. ಬಾಗಿಲು ತೆರೆಯಿರಿ ಎಂಬಂತೆ ನನ್ನನ್ನು ನೋಡಿತು. ತೆರೆದೆ. ಒಳಗೆ ಹೋಗಿ ಮೂಲೆ ಮೂಲೆ ಮೂಸಿ ಹೊರಗೆ ಬಂತು. ದಿನಚರಿಯಲ್ಲಿ ಬರೆದಿದ್ದೇನೆ, ಅಂದು ಹೀಗೆ ಒಂಬತ್ತು ಸಲ.

ಮೂರು ದಿನ ನನ್ನ ಕೈಯಿಂದ ತಿನ್ನಲಿಲ್ಲ. ತಟ್ಟೆಯಿಟ್ಟು ನಾನು ಬೇರೆ ಕೋಣೆಗೆ ಹೋದರೆ ತಿನ್ನುತ್ತಿತ್ತು. ಆ ಬಟ್ಟೆಗಳ ಮೇಲೆ ಮಾತ್ರ ಮಲಗುತ್ತಿತ್ತು. 16ನೇ ತಾರೀಕು ಮರಿ ಅವುಗಳ ಮೇಲೆ ಉಚ್ಚೆ ಹೊಯ್ದಿತೆಂದು ಅಕ್ಕ ಎರಡನ್ನೂ ಒಗೆದು ಹಾಕಿದಳು. ಗಬ್ಬು ನಾರ್ತಿತ್ತು ಕಣೋ ಎಂದಳು. ಬಾಲ್ಕನಿಯ ತಂತಿಯಿಂದ ನೀರು ತೊಟ್ಟಿಕ್ಕುತ್ತಿತ್ತು, ಮರಿ ಅದರ ಕೆಳಗೆ ನಿಂತು ಮೇಲೆ ನೋಡುತ್ತಿತ್ತು.

ನಿನ್ನೆ 17ನೇ ತಾರೀಕು, ಶುಕ್ರವಾರ ಬೆಳಗ್ಗೆ 6 ಗಂಟೆ 50 ನಿಮಿಷಕ್ಕೆ ಮರಿಯನ್ನು ಎತ್ತಿಕೊಂಡು ಕೆಳಗಿಳಿದೆ. ಕತ್ತಿನ ಪಟ್ಟಿ ಹಾಕಿದ್ದೆ, ಹಗ್ಗ ಮೇಲೆ ಮರೆತಿದ್ದೆ. ಮರಿಯನ್ನು ಮೆಟ್ಟಿಲ ಬುಡದಲ್ಲಿ ಬಿಟ್ಟು, ಬೀದಿ ಬಾಗಿಲು ಮುಂದಕ್ಕೆಳೆದು, ಹಗ್ಗ ತರಲು ಮೇಲಕ್ಕೆ ಓಡಿದೆ. ಚಿಲಕ ಹಾಕಲಿಲ್ಲ. ಹೋಗಿ ಬರಲು ಎರಡು ನಿಮಿಷ. ಬಂದಾಗ ಬಾಗಿಲು ಒಂದು ಗೇಣು ತೆರೆದಿತ್ತು, ಮರಿ ಇರಲಿಲ್ಲ.

11 ಗಂಟೆಯವರೆಗೆ ಹುಡುಕಿದೆ. ನಾನು ಮೀಟರ್ ಓದುವ ಬೀದಿಗಳೇ. ಯಾವ ಮನೆಯ ಹಿಂದೆ ಎಷ್ಟು ಜಾಗವಿದೆ ಎಂದು ಗೊತ್ತು. 212 ಮನೆಗಳಲ್ಲಿ ಕೇಳಿದೆ. ಯಾರಾದರೂ ಪಾಪ ಎಂದು ಹುಳುವಿನ ಔಷಧಿ ಹಾಕಿಬಿಟ್ಟರೆ ಎಂಬುದೇ ಹೆದರಿಕೆ. ಕೊನೆಗೆ ವಾಪಸು ಬಂದಾಗ ಎದುರಿನ ಇಸ್ತ್ರಿ ಅಂಗಡಿಯವರು, ನೋಡ್ದೆ ಸಾರ್, ಹಳದಿ ಸ್ವೆಟರ್ ಹಾಕ್ಕೊಂಡಿದ್ದ ಹೆಂಗಸು ಎತ್ಕೊಂಡು ಹೋದ್ಲು, ಎಡಗೈ ಮೊಣಕೈ ಹತ್ರ ನೀಲಿ ತೇಪೆ ಇತ್ತು ಎಂದರು. ಇಸ್ತ್ರಿಯವರ ಕಣ್ಣು ಬಟ್ಟೆಯ ಮೇಲೇ ಹೋಗುತ್ತದೆ. ನಾನು ಠಾಣೆಗೆ ಬಂದು 11 ಗಂಟೆ 35 ನಿಮಿಷಕ್ಕೆ ಅದನ್ನೇ ಬರೆಸಿದೆ. ಹಳದಿ ಸ್ವೆಟರ್, ಎಡ ಮೊಣಕೈಗೆ ನೀಲಿ ತೇಪೆ.

ಆ ತೇಪೆ ಪರದೆಯ ಬಟ್ಟೆಯದು. ನನ್ನ ಕಣ್ಣೆದುರೇ ಹೆಂಡತಿ ಹೊಲಿದದ್ದು. ಹದಿನೇಳು ಚಳಿಗಾಲ ಆ ಸ್ವೆಟರ್ ನೋಡಿದ್ದೇನೆ. ಆದರೂ ಬರೆಸುವಾಗ ನನಗೆ ಹೊಳೆಯಲಿಲ್ಲ. ಅದನ್ನು ಅವಳ ಮೈಮೇಲಲ್ಲದೆ ಬೇರೆಲ್ಲೂ ನೆನೆದು ಅಭ್ಯಾಸವಿರಲಿಲ್ಲ. ದೂರಿನ ಕೆಳಗೆ ಸಹಿ ಮಾಡಿ ಮನೆಗೆ ಹೋದೆ.

ಇಂದು 4 ಗಂಟೆ 50 ನಿಮಿಷಕ್ಕೆ ಠಾಣೆಯ ಬಾಗಿಲಲ್ಲಿ ನಿಂತಾಗ ಮೊದಲು ಕಂಡದ್ದು ಸ್ವೆಟರ್. ಆಮೇಲೆ ಅದರ ತೋಳಿನೊಳಗೆ ಮೂತಿ ತೂರಿಸಿ ಮಲಗಿದ್ದ ಮರಿ. ಅದನ್ನು ಹಾಕಿಕೊಂಡಿದ್ದ ಹೆಂಗಸನ್ನು ಎಲ್ಲಕ್ಕಿಂತ ಕೊನೆಗೆ ನೋಡಿದೆ.

ಅವರು ಹೇಳಿದ್ದು ಇಷ್ಟು. 12ನೇ ತಾರೀಕು ಒಬ್ಬ ಅಕ್ಕ ಬಂದು, ರಾತ್ರಿಯೆಲ್ಲ ಹೊರಗೆ ಕೂರ್ತೀಯ, ತಗೋ ತಾಯಿ ಎಂದು ಸ್ವೆಟರ್ ಕೊಟ್ಟರು. ಚಳಿ ಇದ್ದುದರಿಂದ ಒಗೆಯದೆ ಅಂದೇ ಹಾಕಿಕೊಂಡರು. ನಿನ್ನೆ 6 ಗಂಟೆ 45ಕ್ಕೆ ಪಾಳಿ ಮುಗಿಸಿ ನಮ್ಮ ಬಾಗಿಲ ಮುಂದೆ ಹಾದು ಹೋಗುವಾಗ ಮರಿ ಬಾಗಿಲ ಸಂದಿಯಿಂದ ನುಸುಳಿ ಓಡಿಬಂದು ಕಾಲಿಗೆ ಸುತ್ತಿಕೊಂಡಿತು. ಕೂಗಿದಂತೆ ಅತ್ತಿತು. ಕೆಳಗಿಟ್ಟರೆ ಮತ್ತೆ ಬರುತ್ತಿತ್ತು. ಎರಡು ಅಂಗಡಿಯಲ್ಲಿ ಕೇಳಿದರು, 7 ಗಂಟೆ 25ರವರೆಗೆ ಬೀದಿ ತಿರುವಿನಲ್ಲಿ ಕಾದರು, ಪಾರ್ಕಿಂಗ್ ಗೂಡಿನ ಗಾಜಿಗೆ ‘ಮರಿ ಸಿಕ್ಕಿದೆ’ ಎಂದು ಚೀಟಿ ಅಂಟಿಸಿ, 1.3 ಕಿಲೋಮೀಟರ್ ದೂರದ ತಮ್ಮ ಕೋಣೆಗೆ ಒಯ್ದರು. ಅವರು ಹೇಳಿದ್ದು ನಿಜ, ಆ ಹೊತ್ತಿನಲ್ಲಿ ನಾನು ಹಿಂದಿನ ಬೀದಿಗಳಲ್ಲಿ ಹುಡುಕುತ್ತಿದ್ದೆ. ಈಗಷ್ಟೇ ಪೇದೆಯೊಬ್ಬರು ಹೋಗಿ ಚೀಟಿ ತಂದಿದ್ದಾರೆ. ನಿನ್ನೆ ಆ ಗೂಡಿನ ಮುಂದೆ ಮೂರು ಸಲ ಹೋಗಿದ್ದೆ. ಮೀಟರ್ ಬಿಟ್ಟು ಬೇರೇನನ್ನೂ ಓದದವನಾಗಿಬಿಟ್ಟಿದ್ದೇನೆ.

ಇನ್ಸ್‌ಪೆಕ್ಟರ್ ಸಾಹೇಬರಿಗೆ ನಂಬಿಕೆ ಬರಲಿಲ್ಲ. ಇಬ್ಬರೂ ಆಚೆ ಈಚೆ ನಿಲ್ಲಿ, ಮರಿ ಯಾರ ಹತ್ತಿರ ಹೋಗುತ್ತೋ ನೋಡೋಣ ಎಂದರು. ಹನ್ನೆರಡು ಅಡಿ ಅಂತರದಲ್ಲಿ ನಿಂತೆವು. ಮೇಷ್ಟ್ರೇ ಬನ್ನಿ ಎಂದು ಕರೆದೆ. ಮರಿ ನನ್ನತ್ತ ತಿರುಗಿ ನೋಡಿ ಅವರ ಬಳಿ ಹೋಗಿ ತೋಳಿಗೆ ಹಾರಿತು. ಎರಡನೇ ಸಲವೂ ಹಾಗೇ. ಏನ್ರೀ, ನಿಮ್ಮದೇ ಮರಿ ಅಂತೀರ, ನಿಮ್ಮ ಗುರುತೇ ಇಲ್ವಲ್ಲ ಎಂದು ಸಾಹೇಬರು ಕೇಳಿದರು. ಕರಾರು ಪತ್ರ ತೋರಿಸಿದೆ. ಎರಡನೇ ಸಹಿ ಯಾಕಿಲ್ಲ ಎಂದರು.

ಆಗ ಠಾಣೆಯ ಫೋನಿನಿಂದ ಮೇಡಂಗೆ ಕರೆ ಮಾಡಿದೆ. 5 ಗಂಟೆ 10 ನಿಮಿಷ. ಎಲ್ಲವನ್ನೂ ಹೇಳಿದೆ. ಕಾಯಿಲೆ, ತಲೆಗೆ ಕಟ್ಟಿದ್ದ ಬಟ್ಟೆ, ಎರಡನೇ ಚೀಲ, 29ನೇ ತಾರೀಕು. ಆ ಕಡೆಯಿಂದ ಅವರ ನಾಯಿಗಳ ಸದ್ದು ಕೇಳುತ್ತಿತ್ತು. ಮೇಡಂ ಹೇಳಿದರು: ಕಾಯಿಲೆ ಇದೆಯಾ ಅಂತ ನಾನು ಕೇಳಿದ್ದು ಮರಿ ಕೊಡಬಾರದು ಅಂತ ಅಲ್ಲಪ್ಪ. ಅಂಥ ಮನೆ ಅಂದ್ರೆ ಗಟ್ಟಿಯಾಗಿರೋರ ಬಟ್ಟೆಯನ್ನ ಎರಡು ಪಟ್ಟು ಹಾಸ್ತೀನಿ. ನಾಳೆ ಏನಾದ್ರೂ ಆದ್ರೆ ಮರಿಗೆ ಒಬ್ಬರಾದ್ರೂ ಗುರುತಿರಲಿ ಅಂತ. ಹಾಗೆ ಎಷ್ಟು ಮನೆಗೆ ಕೊಟ್ಟಿದೀನಿ ಗೊತ್ತಾ. ಹೇಳಬಾರದಿತ್ತಾ.

ಹೆಂಡತಿಗೆ ಇದನ್ನು ಹೇಳಬೇಕಿತ್ತು ಎಂದು ಅನ್ನಿಸಿತು.

ಪಾರ್ಕಿಂಗ್ ಹೆಂಗಸು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಎದ್ದು ನಿಂತು ಸ್ವೆಟರ್ ಬಿಚ್ಚಿ, ತಗೊಳ್ಳಿ ಅಣ್ಣ, ನಂಗೆ ಗೊತ್ತಿರ್ಲಿಲ್ಲ, ಯಾರದ್ದೋ ಬೇಡದ್ದು ಅಂದ್ಕೊಂಡೆ ಎಂದರು. ಒಳಗೆ ತೆಳು ಅಂಗಿ ಇತ್ತು. ಇವತ್ತು ರಾತ್ರಿಯೂ ಅವರಿಗೆ ಪಾಳಿ ಇದೆ. ನಾನು ಕೈಯಲ್ಲಿ ಹಿಡಿದುಕೊಂಡೆ. ಇದನ್ನೇ ಮರಿಯ ಹಾಸಿಗೆಗೆ ಹಾಕಲಾ ಎಂದು ಫೋನಿನಲ್ಲಿ ಕೇಳಿದೆ. ಬೇಡ ಎಂದರು ಮೇಡಂ. ಅದು ಮನೆಯಲ್ಲಿದ್ದಷ್ಟು ದಿನ ಮರಿ ಅವರನ್ನೇ ಹುಡುಕುತ್ತೆ, ನೀವೂ ಹುಡುಕ್ತೀರಿ. ಈಗ ಮೈಮೇಲಿರೋ ನಿಮ್ಮ ಅಂಗಿ ಹಾಸಿ, ಪಕ್ಕದಲ್ಲಿ ನೆಲದ ಮೇಲೆ ಮಲಗಿ, ಸ್ನಾನ ಗೀನ ಮಾಡಬೇಡಿ, ಕರೀಬೇಡಿ, ಮುಟ್ಟಬೇಡಿ, ಅದೇ ಬರಲಿ ಎಂದರು. ನಾಳೆ ಬಂದು ನೋಡುತ್ತಾರೆ. ಮರಿ ತಾನಾಗಿ ನನ್ನ ಬಳಿ ಬಂದರೆ ಇರುತ್ತದೆ. ಇಲ್ಲದಿದ್ದರೆ ಕರಾರಿನಂತೆ ಅವರು ವಾಪಸು ಒಯ್ಯುತ್ತಾರೆ. ನಾನು ಒಪ್ಪಿದ್ದೇನೆ.

ಸ್ವೆಟರನ್ನು ಆ ತಂಗಿಗೆ ವಾಪಸು ಕೊಟ್ಟೆ. ಕೊಡುವ ಮೊದಲು ಮುಖಕ್ಕೆ ಹಿಡಿದು ನಾಲ್ಕು ನಿಮಿಷ ನಿಂತಿದ್ದೆ ಎಂದು ರೈಟರ್ ಹೇಳುತ್ತಾರೆ. ನಾನು ಗಡಿಯಾರ ನೋಡಲಿಲ್ಲ.

ಸದರಿ ಹೆಂಗಸಿನ ಮೇಲೆ ನನ್ನದು ಯಾವ ಆಪಾದನೆಯೂ ಇಲ್ಲ. ಅವರ ಒಂದು ಮಧ್ಯಾಹ್ನ ಹಾಳು ಮಾಡಿದ್ದಕ್ಕೆ ಕ್ಷಮೆ ಕೇಳಿದ್ದೇನೆ. ಮರಿಗೆ ಅನ್ನ ಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ, ಔಷಧಿ ಕೊಟ್ಟಿಲ್ಲ ಎಂದಿದ್ದಾರೆ. ಅದು ಅವರ ಕೈಯಿಂದಲೇ ತಿಂದಿದೆ. ನನ್ನ ವಿವರದಲ್ಲಿ ವಿವಾಹಿತ ಎಂಬಲ್ಲಿ ವಿಧುರ ಎಂದು ತಿದ್ದಿಕೊಳ್ಳಬೇಕು.

ಬರೆದುಕೊಂಡದ್ದನ್ನು ರೈಟರ್ ನನಗೆ ಓದಿ ಹೇಳಿದರು. ಮೀಟರ್ ನೋಡುವಂತೆ ನಾನೂ ಇನ್ನೊಮ್ಮೆ ನೋಡಿದೆ. ಹೇಳಿದ್ದಷ್ಟೂ ಇದೆ, ಇದ್ದದ್ದಷ್ಟೂ ಹೇಳಿದ್ದೇನೆ, ಈ ಸಲ ಯಾವ ಚೀಲದ ಮೇಲೂ ಸುಳ್ಳು ಹೆಸರು ಬರೆದಿಲ್ಲ.

ಸ್ಥಳ: ಪೊಲೀಸ್ ಠಾಣೆ, ಬರಹದ ಕೋಣೆ
ತಾರೀಕು: 18, ಶನಿವಾರ, ಸಂಜೆ 7 ಗಂಟೆ 5 ನಿಮಿಷ
(ಸಹಿ) ದೂರುದಾರ

ಸಹಿಯ ನಂತರ ಸೇರಿಸಿದ್ದು: ಮರಿಯನ್ನು ನನ್ನ ವಶಕ್ಕೆ ಪಡೆದಿದ್ದೇನೆ. ನನ್ನ ಅಂಗಿ ಬಿಚ್ಚಿ ಮರಿಯನ್ನು ಅದರಲ್ಲೇ ಸುತ್ತಿಕೊಂಡಿದ್ದೇನೆ. ಮನೆಯವರೆಗೆ ಹಾಕಿಕೊಳ್ಳಲು ಪೇದೆಯೊಬ್ಬರು ತಮ್ಮ ಜಾಕೀಟು ಕೊಟ್ಟಿದ್ದಾರೆ. ನಾಳೆ ಭಾನುವಾರ, ಮರಿಗೆ ಒಂಬತ್ತು ವಾರ ತುಂಬುತ್ತದೆ. ಮೇಡಂ ಬರುವ ಬಸ್ಸು ನಮ್ಮ ನಿಲ್ದಾಣಕ್ಕೆ ಬೆಳಗ್ಗೆ 9 ಗಂಟೆ 30 ನಿಮಿಷಕ್ಕೆ ಬರುತ್ತದೆ.